ಎಂಸಿಬಿ ಬಿದ್ದರೆ ದೊಡ್ಡದು ಹಾಕಿಸಬೇಡಿ: ಮನೆ ವೈರಿಂಗ್ ಬಗ್ಗೆ ಮನೆಯವರಿಗೆ ಗೊತ್ತಿರಬೇಕಾದದ್ದು

ದಕ್ಷಿಣ ಬೆಂಗಳೂರಿನ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಚಿಕ್ಕಲ್ಲಸಂದ್ರದ ಕಡೆ 30-40 ಅಡಿಯ ಸೈಟುಗಳಲ್ಲಿ ಕಟ್ಟಿದ ಮನೆಗಳಲ್ಲಿ ಬೆಳಗಿನ ಹೊತ್ತು ಪದೇ ಪದೇ ಕೇಳಿಬರುವ ದೂರು ಒಂದಿದೆ. ಬಚ್ಚಲಲ್ಲಿ ಗೀಸರ್ ಆನ್ ಆಗಿರುತ್ತದೆ, ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆಯ ಮೇಲೆ ಅನ್ನ ಬೇಯುತ್ತಿರುತ್ತದೆ, ಯಾರೋ ಕಾಫಿಗೆಂದು ಕೆಟಲ್ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿ ಲೈನ್ ಕಡಿಯುವ ಸ್ವಿಚ್ಚು, ಬಿದ್ದುಹೋಗುತ್ತದೆ. ಎರಡು ದಿನ ಎತ್ತಿ ಎತ್ತಿ ಸಾಕಾಗಿ ಎಲೆಕ್ಟ್ರಿಷಿಯನ್ ಕರೆಸುತ್ತೀರಿ. ಅವರು 16 ಆಂಪಿಯರಿನ ಎಂಸಿಬಿ ಕಿತ್ತು 32ರದ್ದು ಕೂರಿಸಿ ಹೋಗುತ್ತಾರೆ. ಅಲ್ಲಿಂದ ಮುಂದೆ ಎಂಸಿಬಿ ಬೀಳುವುದಿಲ್ಲ, ನಿಮಗೂ ನೆಮ್ಮದಿ.

ಆದರೆ ಆ ದಿನದಿಂದಲೇ ನಿಮ್ಮ ಗೋಡೆಯೊಳಗಿನ ವೈರು ಅಪಾಯಕ್ಕೆ ಸಿಕ್ಕಿದೆ. ಹೇಗೆ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ, ಸ್ವಲ್ಪ ಲೆಕ್ಕ ಬಂದರೆ ಸಾಕು. ಹೊಸ ಮನೆ ಕಟ್ಟಿಸುವವರು, ಹಳೆಯ ಮನೆಗೆ ಮಹಡಿ ಏರಿಸುವವರು, ಬಾಡಿಗೆಗೆ ಕೊಡುವವರು ಮತ್ತು ಬಾಡಿಗೆಗೆ ಬರುವವರು ಎಲ್ಲರಿಗೂ ಈ ಲೆಕ್ಕ ಗೊತ್ತಿರಲೇಬೇಕು.

ಮೀಟರಿನವರೆಗೆ ಬೆಸ್ಕಾಂ, ಅಲ್ಲಿಂದ ಮುಂದೆ ನಾವು

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಶುರುವಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಕಾನೂನೂ ಹಿಂದೆಯೇ ಬಂತು: 1910ರ ಭಾರತೀಯ ವಿದ್ಯುತ್ ಕಾಯ್ದೆ, 1956ರ ವಿದ್ಯುತ್ ನಿಯಮಗಳು, ಈಗಿನ 2003ರ ವಿದ್ಯುತ್ ಕಾಯ್ದೆ. ಇದರ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದನ್ನು ಹೊಸದಾಗಿ ಹೊರಡಿಸಿತು. ವೈರಿಂಗ್ ಹೇಗಿರಬೇಕು ಎಂಬುದಕ್ಕೆ ಭಾರತೀಯ ಮಾನಕ ಐಎಸ್ 732, ಅರ್ತಿಂಗ್ ಹೇಗಿರಬೇಕು ಎಂಬುದಕ್ಕೆ ಐಎಸ್ 3043 ಇವೆ.

ಇವುಗಳಿಂದ ಮನೆಯವರು ನೆನಪಿಡಬೇಕಾದದ್ದು ಎರಡು ಮಾತು. ಮೊದಲನೆಯದು, ಕಂಬದಿಂದ ಮೀಟರಿನವರೆಗೆ ಬರುವ ಲೈನಿನ ಹೊಣೆ ಬೆಸ್ಕಾಂನದು, ಮೀಟರಿನಿಂದ ಈಚೆಗಿನ ವೈರಿಂಗಿನ ಹೊಣೆ ಪೂರ್ತಿ ನಮ್ಮದು. ಎರಡನೆಯದು, ಮನೆಯ ವೈರಿಂಗನ್ನು ಯಾರು ಬೇಕಾದರೂ ಮಾಡುವಂತಿಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಗಳಿಗೆ ವಿನಾಯಿತಿ ಇದೆ. ಹೊಸ ಲೈನ್ ಎಳೆಯುವುದು, ಪಾಯಿಂಟ್ ಸೇರಿಸುವುದು, ಮೇನ್ ಬೋರ್ಡ್ ಬದಲಿಸುವುದು ಇವೆಲ್ಲ ಸರ್ಕಾರದ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಆಗಬೇಕು. ಕರ್ನಾಟಕದಲ್ಲಿ ಈ ಲೈಸೆನ್ಸನ್ನೂ ಸೂಪರ್‌ವೈಸರ್ ಮತ್ತು ವೈರ್‌ಮನ್ ಪರ್ಮಿಟ್‌ಗಳನ್ನೂ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕಟ್ಟಡ 15 ಮೀಟರಿಗಿಂತ ಎತ್ತರವಾದರೆ ಆ ಇಲಾಖೆಯ ಒಪ್ಪಿಗೆಯೂ ಬೇಕಾಗುತ್ತದೆ.

ಮೂರು ಕಾವಲು, ಮೂರು ಬೇರೆ ಕೆಲಸ

ಮನೆಯ ವಿದ್ಯುತ್ ಸುರಕ್ಷತೆ ನಿಂತಿರುವುದು ಎಂಸಿಬಿ, ಅರ್ತಿಂಗ್, ಆರ್‌ಸಿಸಿಬಿ ಎಂಬ ಮೂರು ಕಾವಲುಗಳ ಮೇಲೆ. ‘ಒಂದಿದೆಯಲ್ಲ, ಇನ್ನೊಂದು ಯಾಕೆ?’ ಎಂಬ ಮಾತಿನಿಂದಲೇ ಹೆಚ್ಚಿನ ಅನಾಹುತಗಳಿಗೆ ದಾರಿಯಾಗುತ್ತದೆ. ಪ್ರತಿಯೊಂದರ ಕೆಲಸವೂ ಬೇರೆ.

ಎಂಸಿಬಿ ಕಾಯುವುದು ವೈರನ್ನು. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗೀಸರ್ 2000 ವ್ಯಾಟ್, ಇಂಡಕ್ಷನ್ 2000, ಕೆಟಲ್ 1500. ಒಟ್ಟು 5500 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 24 ಆಂಪಿಯರ್. ಈ ಮೂರೂ 2.5 ಚದರ ಮಿ.ಮೀ. ವೈರಿನ ಒಂದೇ ಲೈನಿನಲ್ಲಿದ್ದರೆ 16ರ ಎಂಸಿಬಿ ಬೀಳುವುದು ನ್ಯಾಯವೇ. ವೈರು ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. 16ರ ಬದಲು 24 ಆಂಪಿಯರ್ ಹರಿದರೆ ಹುಟ್ಟುವ ಶಾಖ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾಡಿದ್ದು. ಅದನ್ನು ಮೀರಿ ದಿನಾ ಕಾದರೆ ಹೊದಿಕೆ ಗಟ್ಟಿಯಾಗಿ, ಬಿರುಕು ಬಿಟ್ಟು, ಒಂದು ದಿನ ಗೋಡೆಯೊಳಗೇ ಶಾರ್ಟ್ ಆಗುತ್ತದೆ. 32ರ ಎಂಸಿಬಿ ಇದನ್ನೆಲ್ಲ ಸುಮ್ಮನೆ ನೋಡುತ್ತಿರುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ 24 ಆಂಪಿಯರ್ ಹೆಚ್ಚೇನಲ್ಲ. ಎಂಸಿಬಿಯ ಅಳತೆಯನ್ನು ಹೇಳಬೇಕಾದದ್ದು ಗೋಡೆಯೊಳಗಿನ ವೈರು, ನೀವು ಕೊಂಡು ತಂದ ಉಪಕರಣವಲ್ಲ.

ಅರ್ತಿಂಗಿನ ಕೆಲಸ ಸೋರಿದ ಕರೆಂಟಿಗೆ ನೆಲಕ್ಕೆ ಹೋಗುವ ದಾರಿ ಕೊಡುವುದು. ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಲೋಹದ ಮೈಗೆ ಫೇಸ್ ತಗುಲಿದರೆ ಅದು ನಿಮ್ಮ ಮೈಯ ಮೂಲಕ ಹೋಗುವ ಬದಲು ಹಸಿರು ವೈರಿನ ಮೂಲಕ ಹೋಗಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉದ್ದವಾಗಿರುವುದು ಇದೇ ಕಾರಣಕ್ಕೆ: ಸಾಕೆಟ್ಟಿಗೆ ಹಾಕುವಾಗ ಅರ್ತ್ ಮೊದಲು ಸೇರುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ.

ಹಾಗಾದರೆ ಒಳ್ಳೆಯ ಅರ್ತಿಂಗ್ ಇದ್ದರೆ ಸಾಕೇ? ಸಾಲದು. ಅರ್ತಿಂಗಿನ ರೋಧ 5 ಓಮ್ ಎಂದುಕೊಳ್ಳಿ, ಮನೆಯ ಮಟ್ಟಿಗೆ ಅದು ಚೆನ್ನಾಗಿರುವ ಅರ್ತಿಂಗೇ. ಫೇಸ್ ನೇರವಾಗಿ ಅರ್ತಿಗೆ ತಗುಲಿದರೂ ಹರಿಯುವುದು 230 ಭಾಗಿಸು 5, ಅಂದರೆ 46 ಆಂಪಿಯರ್. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಸಿ’ ಮಾದರಿಯ 16ರ ಎಂಸಿಬಿ ತಟ್ಟನೆ ಬೀಳಬೇಕಾದರೆ ಕನಿಷ್ಠ 80 ಆಂಪಿಯರ್ ಬೇಕು. 46ಕ್ಕೆ ಅದು ಬೀಳಲು ಹಲವು ಸೆಕೆಂಡು ತೆಗೆದುಕೊಳ್ಳಬಹುದು. ಆ ಸೆಕೆಂಡುಗಳಲ್ಲಿ ಯಾರ ಕೈ ಎಲ್ಲಿರುತ್ತದೋ ಯಾರಿಗೆ ಗೊತ್ತು?

ಅಲ್ಲಿ ಬೇಕಾಗುವುದೇ ಆರ್‌ಸಿಸಿಬಿ. ಇದು ಕಾಯುವುದು ಮನುಷ್ಯರನ್ನು. ಫೇಸಿನಲ್ಲಿ ಎಷ್ಟು ಕರೆಂಟ್ ಹೋಯಿತು, ನ್ಯೂಟ್ರಲಿನಲ್ಲಿ ಎಷ್ಟು ವಾಪಸು ಬಂತು ಎಂದು ಅದು ಅಂಗಡಿಯ ಗುಮಾಸ್ತನಂತೆ ಬಿಡುವಿಲ್ಲದೆ ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಆಗ ಲೈನ್ ಕಡಿದುಬಿಡುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರಿನದು. ಅಷ್ಟು ಸೋರಿಕೆಗೆ ಅದು 0.3 ಸೆಕೆಂಡಿನೊಳಗೆ ಬೀಳಬೇಕು. ಒದ್ದೆ ಮೈಯ ರೋಧ 1000 ಓಮ್‌ನಷ್ಟಕ್ಕೆ ಇಳಿದಾಗ 230 ವೋಲ್ಟಿಗೆ ದೇಹದಲ್ಲಿ ಹರಿಯುವುದು ಸುಮಾರು 230 ಮಿಲಿಆಂಪಿಯರ್. ಹೃದಯದ ಲಯ ತಪ್ಪಿಸಲು ಅಷ್ಟು ಧಾರಾಳ ಸಾಕು. ಆದರೆ 16 ಆಂಪಿಯರಿನ ಎಂಸಿಬಿಗೆ ಅದು ಗಮನಕ್ಕೂ ಬರುವುದಿಲ್ಲ. ತೀರಾ ಸಣ್ಣ ಲೋಡಿನ ಸಂಪರ್ಕಗಳನ್ನು ಬಿಟ್ಟು ಉಳಿದೆಡೆ ಸೋರಿಕೆ ತಡೆಯುವ ಸಾಧನ ಇರಬೇಕೆಂದು ನಿಯಮಾವಳಿ ಹೇಳುವುದು ಇದಕ್ಕೇ.

ಬೋರ್‌ವೆಲ್ ನೀರು, ಗೀಸರ್ ಮತ್ತು ನಲ್ಲಿಯ ‘ಜುಮ್’

ನಮ್ಮ ಕಡೆಯ ಮನೆಗಳಿಗೆ ಈ ಸೋರಿಕೆಯ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ದಕ್ಷಿಣ ಬೆಂಗಳೂರಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ನೆಚ್ಚಿಕೊಂಡ ಮನೆಗಳು ಬಹಳ, ಆ ನೀರು ಗಡಸು. ಗೀಸರಿನ ಕಾಯಿಲ್ ಒಂದು ಲೋಹದ ಕೊಳವೆ. ಅದರೊಳಗೆ ಕಾಯುವ ತಂತಿ, ತಂತಿಗೂ ಕೊಳವೆಗೂ ನಡುವೆ ಕರೆಂಟ್ ದಾಟಿಸದ ಬಿಳಿ ಪುಡಿ ತುಂಬಿರುತ್ತದೆ. ಗಡಸು ನೀರಿನ ಸುಣ್ಣ ಕೊಳವೆಯ ಮೇಲೆ ಪದರ ಪದರವಾಗಿ ಕಟ್ಟಿಕೊಂಡಾಗ ಶಾಖ ನೀರಿಗೆ ಇಳಿಯುವುದಿಲ್ಲ. ಕೊಳವೆ ಅತಿಯಾಗಿ ಕಾದು, ತುಕ್ಕು ಹಿಡಿದು, ಕೂದಲೆಳೆಯಷ್ಟು ಸೀಳುತ್ತದೆ. ನೀರು ಒಳಗಿಳಿದು ಪುಡಿ ಒದ್ದೆಯಾಗುತ್ತದೆ. ಅಲ್ಲಿಂದ ಕರೆಂಟು ನೀರಿಗೂ ಟ್ಯಾಂಕಿನ ಮೈಗೂ ಸೋರತೊಡಗುತ್ತದೆ.

ಅರ್ತಿಂಗ್ ಮತ್ತು ಆರ್‌ಸಿಸಿಬಿ ಸರಿಯಿದ್ದ ಮನೆಯಲ್ಲಿ ಗೀಸರ್ ಹಾಕಿದ ಕೂಡಲೇ, ಇಲ್ಲವೇ ಸ್ವಲ್ಪ ಹೊತ್ತಿಗೆ ಆರ್‌ಸಿಸಿಬಿ ಬೀಳುತ್ತದೆ. ಎರಡೂ ಇಲ್ಲದ ಮನೆಯಲ್ಲಿ ನಲ್ಲಿ ಮುಟ್ಟಿದಾಗ, ಷವರಿನ ಕೆಳಗೆ ನಿಂತಾಗ ಬೆರಳು ಜುಮ್ಮೆನ್ನುತ್ತದೆ. ಪೈಪು ಪ್ಲಾಸ್ಟಿಕ್ಕಿನದಾದರೂ ಲಾಭವಿಲ್ಲ, ಲವಣ ತುಂಬಿದ ನೀರೇ ಕರೆಂಟನ್ನು ಹೊತ್ತು ತರುತ್ತದೆ. ‘ಸ್ವಲ್ಪ ಶಾಕ್ ಬರುತ್ತೆ, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ’ ಎಂದು ಹೇಳುವ ಮನೆಯಲ್ಲಿ ಆ ಗೀಸರನ್ನು ಅಂದೇ ಆಫ್ ಮಾಡಿ ಪ್ಲಗ್ ತೆಗೆಯಬೇಕು. ನೀರಿನ ಗುಣ ನೋಡಿಕೊಂಡು ಒಂದೆರಡು ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಸುಣ್ಣ ತೆಗೆಸಿ. ಕಾಯಿಲ್ ಬದಲಿಸುವ ಖರ್ಚು ದೊಡ್ಡದಲ್ಲ.

ಹೊಸ ವೈರಿಂಗ್: ಹಂತ ಹಂತವಾಗಿ

1. ಲೋಡಿನ ಪಟ್ಟಿ ಮಾಡಿ. ಈಗಿರುವ ಉಪಕರಣಗಳನ್ನಷ್ಟೇ ಅಲ್ಲ, ಐದು ವರ್ಷದಲ್ಲಿ ಬರಬಹುದಾದ ಎಸಿ, ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್, ಇಂಡಕ್ಷನ್ ಒಲೆಗಳನ್ನೂ ಬರೆಯಿರಿ. ಸಂಪಿನ ಮೋಟಾರು ಮರೆಯಬೇಡಿ: ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್, ಎಳೆಯುವುದು ಅದಕ್ಕಿಂತ ಹೆಚ್ಚು. ಒಟ್ಟು ಲೋಡನ್ನು ಬಿಲ್ಲಿನಲ್ಲಿರುವ ಮಂಜೂರಾದ ಲೋಡಿನೊಂದಿಗೆ ಹೋಲಿಸಿ. ಮಂಜೂರಾದದ್ದು ಕಡಿಮೆಯಿದ್ದರೆ ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ ಹಾಕಿ. ನಿಗದಿತ ಶುಲ್ಕ ಸ್ವಲ್ಪ ಏರುತ್ತದೆ ನಿಜ, ಆದರೆ ಲೈನೂ ಮೀಟರೂ ಆ ಲೋಡಿಗೆ ತಕ್ಕಂತೆ ಸಿಗುತ್ತವೆ.

2. ಲೈಸೆನ್ಸ್ ನೋಡಿಯೇ ಕೆಲಸ ಕೊಡಿ. ಮೇಸ್ತ್ರಿಯೇ ‘ನಮ್ಮ ಹುಡುಗ ಮಾಡ್ತಾನೆ ಬಿಡಿ ಸಾರ್’ ಎಂದು ಒಪ್ಪಿಕೊಳ್ಳುವುದು ಸಾಮಾನ್ಯ. ಹುಡುಗ ಚೆನ್ನಾಗಿಯೇ ಕೆಲಸ ಮಾಡಬಹುದು. ಆದರೆ ಕೊನೆಗೆ ಸಹಿ ಹಾಕುವ ಗುತ್ತಿಗೆದಾರರು ಮನೆಯನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಸಹಿ ಹಾಕುವವರೇ ಮೋಲ್ಡಿಗೆ ಮುಂಚೆ, ಗಾರೆಗೆ ಮುಂಚೆ ಮತ್ತು ಕೊನೆಯಲ್ಲಿ, ಹೀಗೆ ಮೂರು ಸಲ ಬಂದು ನೋಡಬೇಕೆಂದು ಮೊದಲೇ ಮಾತಾಡಿಕೊಳ್ಳಿ.

3. ಲೈನುಗಳನ್ನು ಹಂಚಿ. ಲೈಟು, ಫ್ಯಾನು ಮತ್ತು 6 ಆಂಪಿಯರಿನ ಸಾಕೆಟ್ಟುಗಳ ಒಂದು ಲೈನಿನಲ್ಲಿ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದು ಎಂಬುದು ಮಾನಕದ ಹಳೆಯ, ಗಟ್ಟಿ ಸೂತ್ರ. 16 ಆಂಪಿಯರಿನ ಪವರ್ ಪಾಯಿಂಟುಗಳಾದರೆ ಒಂದು ಲೈನಿಗೆ ಎರಡಕ್ಕಿಂತ ಹೆಚ್ಚು ಬೇಡ. ಗೀಸರ್, ಎಸಿ, ಇಂಡಕ್ಷನ್ ಪ್ರತಿಯೊಂದಕ್ಕೂ ಡಿಬಿಯಿಂದ, ಅಂದರೆ ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆಯಿಂದ, ಬೇರೆ ಬೇರೆ ಲೈನ್ ಬರಲಿ.

4. ವೈರಿಗೆ ತಕ್ಕ ಎಂಸಿಬಿ ಇರಲಿ. ಗೋಡೆಯೊಳಗಿನ ಪೈಪಿನಲ್ಲಿ ಹೋಗುವ ತಾಮ್ರದ ವೈರಿಗೆ ಸುರಕ್ಷಿತ ಜೋಡಿ ಹೀಗಿದೆ:
– 1.5 ಚದರ ಮಿ.ಮೀ. (ಲೈಟು, ಫ್ಯಾನು): 6 ಅಥವಾ 10 ಆಂಪಿಯರ್
– 2.5 ಚದರ ಮಿ.ಮೀ. (ಪವರ್ ಪಾಯಿಂಟ್): 16 ಆಂಪಿಯರ್
– 4 ಚದರ ಮಿ.ಮೀ. (ದೊಡ್ಡ ಗೀಸರ್, ಎಸಿ): 20 ಆಂಪಿಯರ್
ಮೀಟರಿನಿಂದ ಡಿಬಿಗೆ ಬರುವ ಮೇನ್ ಲೈನಿನ ದಪ್ಪವನ್ನು ಒಟ್ಟು ಲೋಡು ಮತ್ತು ದೂರ ನೋಡಿ ಗುತ್ತಿಗೆದಾರರು ಲೆಕ್ಕ ಹಾಕಲಿ.

5. ಸಾಮಾನು ನೋಡಿ ತನ್ನಿ. ವೈರು ಐಎಸ್ 694, ಸಾಕೆಟ್ಟು ಐಎಸ್ 1293, ಸ್ವಿಚ್ಚು ಐಎಸ್ 3854, ಪೈಪು ಐಎಸ್ 9537, ಆರ್‌ಸಿಸಿಬಿ ಐಎಸ್ 12640 ಎಂಬ ಗುರುತು ಹೊಂದಿರಬೇಕು. ಎಸ್.ಪಿ. ರಸ್ತೆಯಲ್ಲಾಗಲಿ ಬಡಾವಣೆಯ ಅಂಗಡಿಯಲ್ಲಾಗಲಿ, ಐಎಸ್‌ಐ ಗುರುತಿನ ಕೆಳಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ನೋಡಿ, ಅದು ಯಾವ ಕಂಪನಿಗೆ ಕೊಟ್ಟದ್ದೆಂದು ಅಲ್ಲೇ ತಿಳಿಯುತ್ತದೆ. ಬಿಲ್ ಕೇಳಿ ಪಡೆಯಿರಿ.

6. ಬಣ್ಣ ತಪ್ಪಬಾರದು. ಸಿಂಗಲ್ ಫೇಸ್ ಮನೆಗಳಲ್ಲಿ ರೂಢಿಯಿರುವುದು ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ತಿಗೆ ಹಸಿರು ಅಥವಾ ಹಸಿರು-ಹಳದಿ. ‘ಕೆಂಪು ಮುಗೀತು, ಹಸಿರು ಹಾಕಿದೆ’ ಎಂಬ ಕೆಲಸಕ್ಕೆ ಒಪ್ಪಬೇಡಿ. ಹತ್ತು ವರ್ಷದ ಮೇಲೆ ಇನ್ನೊಬ್ಬರು ರಿಪೇರಿಗೆ ಬಂದಾಗ ಹಸಿರನ್ನು ಅರ್ತ್ ಎಂದೇ ನಂಬಿ ಕೈ ಹಾಕುತ್ತಾರೆ. ಸ್ವಿಚ್ಚು ಕಡಿಯಬೇಕಾದದ್ದು ಫೇಸನ್ನೇ. ನ್ಯೂಟ್ರಲ್ ಕಡಿದರೆ ಲೈಟು ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

7. ಗಾರೆಗೆ ಮುಂಚೆ ಫೋಟೋ ತೆಗೆಯಿರಿ. ಗ್ರೂವ್ ಹೊಡೆದು ಪೈಪು ಕೂರಿಸಿದ ಮೇಲೆ ಪ್ರತಿ ಗೋಡೆಗೂ ಟೇಪು ಹಿಡಿದು, ಅಳತೆ ಕಾಣುವಂತೆ ಫೋಟೋ ತೆಗೆದಿಡಿ. ನಾಳೆ ಟಿವಿ ಸ್ಟ್ಯಾಂಡಿಗೋ ಕಪಾಟಿಗೋ ಡ್ರಿಲ್ ಹಾಕುವಾಗ ಅದೇ ನಕ್ಷೆ. ವೈರು ಎಳೆದಾಗ ಪೈಪಿನಲ್ಲಿ ಜಾಗ ಉಳಿದಿರಬೇಕು, ತುರುಕಿದರೆ ಶಾಖ ಹೋಗುವುದಿಲ್ಲ. ಪೈಪಿನೊಳಗೆ ಎಲ್ಲೂ ಜಾಯಿಂಟ್ ಇರಕೂಡದು, ಜಾಯಿಂಟ್ ಏನಿದ್ದರೂ ತೆರೆದು ನೋಡಬಹುದಾದ ಬಾಕ್ಸಿನಲ್ಲಿ.

8. ಸ್ವಂತ ಅರ್ತಿಂಗ್ ಮಾಡಿಸಿ. ಬೆಸ್ಕಾಂ ಲೈನಿನೊಡನೆ ಅರ್ತ್ ಬಂದರೂ ಗ್ರಾಹಕರ ಸ್ವಂತ ಅರ್ತಿಂಗ್ ಬೇಕು. ಪೈಪ್ ಅರ್ತಿಂಗ್ ಆದರೆ ಸುಮಾರು 2.5 ಮೀಟರಿನ ಜಿಐ ಪೈಪು ನೆಲದೊಳಗೆ ಹೋಗಬೇಕು, ಕಟ್ಟಡದಿಂದ 1.5 ಮೀಟರ್ ದೂರ ಇರಬೇಕು. 30-40 ಸೈಟಿನಲ್ಲಿ ಅಷ್ಟು ಜಾಗ ಸಿಕ್ಕರೆ ಗೇಟಿನ ಬಳಿ ಮಾತ್ರ, ಆದ್ದರಿಂದ ಟೈಲ್ಸ್ ಹಾಕಿಸುವ ಮೊದಲೇ ಜಾಗ ಗುರುತಿಸಿ. ಪಿಟ್ಟಿನ ಮುಚ್ಚಳ ತೆಗೆಯುವಂತಿರಲಿ. ಮಾರ್ಚ್–ಏಪ್ರಿಲ್‌ನಲ್ಲಿ ಮಣ್ಣು ಒಣಗಿ ರೋಧ ಏರುತ್ತದೆ, ಆಗಾಗ ನೀರು ಹಾಕಬೇಕು.

9. ಡಿಬಿಯಲ್ಲಿ ಹೆಸರು ಬರೆಸಿ. ಮೊದಲು ಮೇನ್ ಸ್ವಿಚ್, ಆಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅದಾದ ಮೇಲೆ ಒಂದೊಂದು ಲೈನಿಗೂ ಎಂಸಿಬಿ. ಪ್ರತಿಯೊಂದರ ಕೆಳಗೆ ‘ಹಾಲ್ ಲೈಟ್’, ‘ಗೀಸರ್’, ‘ಮೋಟಾರ್’ ಎಂದು ಕನ್ನಡದಲ್ಲೇ ಬರೆದು ಅಂಟಿಸಿ. ಅಪಾಯದ ಹೊತ್ತಿನಲ್ಲಿ ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿಯಬೇಕು.

10. ಪರೀಕ್ಷೆ ಮಾಡಿಸಿ, ವರದಿ ಪಡೆಯಿರಿ. ಸಂಪರ್ಕ ಕೊಡುವ ಮೊದಲು 500 ವೋಲ್ಟಿನ ಮೆಗ್ಗರಿನಿಂದ ವೈರುಗಳ ನಡುವಿನ ನಿರೋಧವನ್ನು ಅಳೆಯಬೇಕು, ಅದು ಒಂದು ಮೆಗಾಓಮ್‌ಗಿಂತ ಕಡಿಮೆ ಇರಬಾರದು. ಅರ್ತಿಂಗಿನ ರೋಧವನ್ನೂ ಅಳೆಸಿ. ಗುತ್ತಿಗೆದಾರರು ಸಹಿ ಮಾಡುವ ವೈರಿಂಗ್ ಪೂರ್ಣಗೊಂಡ ಹಾಗೂ ಪರೀಕ್ಷಾ ವರದಿಯನ್ನು ಬೆಸ್ಕಾಂಗೆ ಕೊಡುವಾಗ ಒಂದು ಪ್ರತಿ ನಿಮ್ಮಲ್ಲಿ ಉಳಿಯಲಿ. ಕಾಗದದಲ್ಲಿ ಬರೆದ ಅಂಕಿ ನಿಮ್ಮೆದುರೇ ಅಳೆದದ್ದಾಗಿರಲಿ. ಸ್ವಾಧೀನ ಪತ್ರ, ಮೀಟರಿನ ಮಾದರಿ ಮುಂತಾದ ಹೊಸ ಸಂಪರ್ಕದ ಷರತ್ತುಗಳು ಈಚೆಗೆ ಬದಲಾಗುತ್ತಿವೆ, ಕಟ್ಟುವ ಮೊದಲೇ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಹಳೆಯ ಮನೆ, ಬಾಡಿಗೆ ಮನೆ: ನೀವೇ ನೋಡಬಹುದಾದವು

ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲಿನ ವೈರು, ಪಿಂಗಾಣಿ ಫ್ಯೂಸು ಇನ್ನೂ ಕಾಣಸಿಗುತ್ತವೆ. ಬಾಡಿಗೆಗೆ ಹೋಗುವ ಮುಂಚೆ ನೀರು, ಗಾಳಿ, ಬೆಳಕು ನೋಡುವ ಹಾಗೆ ಇವನ್ನೂ ನೋಡಿ. ಯಾವುದನ್ನೂ ಬಿಚ್ಚಬೇಕಾಗಿಲ್ಲ.

1. ಡಿಬಿಯಲ್ಲಿ ‘ಟಿ’ ಅಥವಾ ‘ಟೆಸ್ಟ್’ ಗುಂಡಿ ಇರುವ ಸ್ವಿಚ್ ಇದೆಯೇ? ಅದೇ ಆರ್‌ಸಿಸಿಬಿ. ಕರೆಂಟ್ ಇರುವಾಗ ಗುಂಡಿ ಒತ್ತಿದರೆ ತಕ್ಷಣ ಬೀಳಬೇಕು. ಬೀಳದಿದ್ದರೆ ಅದು ಕೆಲಸಕ್ಕೆ ಬಾರದು, ಬದಲಿಸಿ. ತಿಂಗಳಿಗೊಮ್ಮೆ ಒತ್ತಿ ನೋಡಿ.

2. 16 ಆಂಪಿಯರಿನ ಸಾಕೆಟ್ಟುಗಳ ಸುತ್ತ ಕಂದು ಕಲೆ, ಸುಟ್ಟ ವಾಸನೆ ಇದೆಯೇ? ಒಳಗೆ ಸ್ಕ್ರೂ ಸಡಿಲವಾಗಿದೆ ಎಂದು ತಿಳಿಯಿರಿ. ಸಡಿಲ ಜಾಯಿಂಟಿನಲ್ಲಿ ಬರೀ 0.2 ಓಮ್ ರೋಧ ಇದ್ದು 13 ಆಂಪಿಯರ್ ಹರಿದರೆ ಅಷ್ಟು ಸಣ್ಣ ಜಾಗದಲ್ಲಿ ಹುಟ್ಟುವ ಶಾಖ ಸುಮಾರು 34 ವ್ಯಾಟ್. ಪ್ಲಾಸ್ಟಿಕ್ ಕರಗಿಸಲು ಅಷ್ಟು ಸಾಕು. ಇದನ್ನು ಎಂಸಿಬಿಯೂ ಆರ್‌ಸಿಸಿಬಿಯೂ ಹಿಡಿಯುವುದಿಲ್ಲ, ಕಣ್ಣೂ ಮೂಗೂ ಹಿಡಿಯಬೇಕು.

3. ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ತೂತಿಗೆ ಅರ್ತ್ ನಿಜವಾಗಿ ಬಂದಿದೆಯೇ? ಇದನ್ನು ಮಾತ್ರ ಎಲೆಕ್ಟ್ರಿಷಿಯನ್ ಪರೀಕ್ಷಿಸಲಿ. ಹೊರಗಿನಿಂದ ಮೂರು ತೂತು ಕಂಡರೂ ಹಿಂದೆ ಎರಡೇ ವೈರು ಇರುವ ಬೋರ್ಡುಗಳಿಗೆ ಕೊರತೆಯಿಲ್ಲ.

4. ಬಚ್ಚಲಿನಲ್ಲಿ ಷವರಿನ ನೀರು ತಾಗುವಲ್ಲಿ, ಒದ್ದೆ ಕೈ ಎಟುಕುವಲ್ಲಿ ಸಾಕೆಟ್ಟಿದೆಯೇ? ಗೀಸರಿನ ಸ್ವಿಚ್ಚು ಬಚ್ಚಲಿನ ಹೊರಗಿರಲಿ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ಚಾಗಿದ್ದರೆ ಇನ್ನೂ ಒಳ್ಳೆಯದು.

5. ಬಾಲ್ಕನಿ, ಟೆರೇಸಿನಿಂದ ಲೈನ್ ಎಷ್ಟು ದೂರ? ಮಾಮೂಲಿ ಎಲ್‌ಟಿ ಲೈನಾಗಲಿ 11 ಕೆವಿ ಲೈನಾಗಲಿ, ಕಟ್ಟಡದಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಇರಬೇಕು. ಕಟ್ಟಡದ ಮೇಲೆ ಹಾದುಹೋಗುವುದಾದರೆ ಎಲ್‌ಟಿಗೆ 2.5 ಮೀಟರ್, 11 ಕೆವಿಗೆ 3.7 ಮೀಟರ್ ಎತ್ತರ ಬೇಕು. ಬಟ್ಟೆ ಒಣಗಿಸುವ ಕಬ್ಬಿಣದ ಕೋಲು, ಅಲ್ಯೂಮಿನಿಯಂ ಏಣಿ ಅತ್ತ ಚಾಚದಂತೆ ಎಚ್ಚರವಿರಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ನ್ಯೂಟ್ರಲನ್ನೇ ಅರ್ತ್ ಮಾಡುವುದು: ಅರ್ತ್ ವೈರ್ ಇಲ್ಲದ ಕಡೆ ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು ಕೊಡುತ್ತಾರೆ. ಟೆಸ್ಟ್ ಲ್ಯಾಂಪ್ ಉರಿಯುತ್ತದೆ, ಎಲ್ಲ ಸರಿ ಎನಿಸುತ್ತದೆ. ಎಲ್ಲೋ ನ್ಯೂಟ್ರಲ್ ಕಡಿದ ದಿನ ವಾಷಿಂಗ್ ಮೆಷಿನ್ನಿನ ಮೈಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ಇದಕ್ಕಿಂತ ಅಪಾಯದ ಕೆಲಸ ಮನೆ ವೈರಿಂಗಿನಲ್ಲಿ ಇನ್ನೊಂದಿಲ್ಲ.

ಆರ್‌ಸಿಸಿಬಿ ಬೀಳುತ್ತದೆಂದು ಬೈಪಾಸ್ ಮಾಡುವುದು: ಯುಪಿಎಸ್ ಹಾಕಿಸಿದ ಮೇಲೆ ಈ ಕಾಟ ಶುರುವಾಗುವುದು ಹೆಚ್ಚು. ಯುಪಿಎಸ್ ಲೈನಿನ ಫೇಸ್ ಒಂದು ದಾರಿಯಲ್ಲಿ ಹೋಗಿ, ನ್ಯೂಟ್ರಲ್ ಬೇರೆ ಲೈನಿನ ನ್ಯೂಟ್ರಲಿನೊಂದಿಗೆ ಬೆರೆತು ವಾಪಸು ಬಂದರೆ ಆರ್‌ಸಿಸಿಬಿಯ ತಾಳೆ ತಪ್ಪುತ್ತದೆ, ಅದು ಬೀಳುತ್ತದೆ. ಅದಕ್ಕೆ ಮದ್ದು ಯುಪಿಎಸ್ ಲೈನಿನ ನ್ಯೂಟ್ರಲನ್ನು ಬೇರ್ಪಡಿಸುವುದು. ಆರ್‌ಸಿಸಿಬಿ ತೆಗೆದುಹಾಕುವುದು ಮದ್ದಲ್ಲ.

ಫ್ಯೂಸಿಗೆ ಸಿಕ್ಕಿದ ತಂತಿ ಸುತ್ತುವುದು: ಮೂರು ಎಳೆ ತಾಮ್ರದ ತಂತಿ ಸುತ್ತಿದ ಫ್ಯೂಸು ಫ್ಯೂಸೇ ಅಲ್ಲ. ಹಳೆಯ ಪಿಂಗಾಣಿ ಫ್ಯೂಸಿನ ಬೋರ್ಡಿದ್ದರೆ ಎಂಸಿಬಿ, ಆರ್‌ಸಿಸಿಬಿಗೆ ಬದಲಾಯಿಸಿ.

ಎಕ್ಸ್‌ಟೆನ್ಷನ್ ಬಾಕ್ಸಿಗೆ ಹೀಟರ್ ಹಾಕುವುದು: 6 ಆಂಪಿಯರಿನ ಬಾಕ್ಸಿಗೆ ಸುಮಾರು 1400 ವ್ಯಾಟೇ ಮಿತಿ. ನೀರು ಕಾಯಿಸುವ ಕಾಯಿಲ್, ರೂಮ್ ಹೀಟರ್, ಸ್ಕೂಟರ್ ಚಾರ್ಜರಿಗೆ ಗೋಡೆಯ 16 ಆಂಪಿಯರಿನ ಪಾಯಿಂಟನ್ನೇ ಬಳಸಿ. ಪಾರ್ಕಿಂಗಿನ ಚಾರ್ಜಿಂಗ್ ಪಾಯಿಂಟಿಗೆ ಮಳೆ ನೀರು ಎರಚಬಾರದು, ಅದರ ಲೈನು ಆರ್‌ಸಿಸಿಬಿಯ ಕೆಳಗೇ ಬರಬೇಕು.

ನಲ್ಲಿ ಪೈಪನ್ನು ಅರ್ತ್ ಎಂದು ನಂಬುವುದು: ಕಬ್ಬಿಣದ ಪೈಪು ನೆಲದವರೆಗೆ ಹೋಗುತ್ತಿದ್ದ ಕಾಲದ ಅಭ್ಯಾಸ ಇದು. ಆಗಲೂ ಸರಿಯಲ್ಲ, ಈಗಿನ ಪ್ಲಾಸ್ಟಿಕ್ ಪೈಪಿನಲ್ಲಂತೂ ಅರ್ಥವೇ ಇಲ್ಲ.

ಎಚ್ಚರಿಕೆ

– ಬೋರ್ಡ್ ಬಿಚ್ಚುವ ಮೊದಲು ಮೇನ್ ಆಫ್ ಮಾಡಿ, ಯುಪಿಎಸ್ಸನ್ನೂ ಆಫ್ ಮಾಡಿ. ಮೇನ್ ಆಫ್ ಆಗಿದ್ದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಇರುತ್ತದೆ.
– ನೀರಿನಲ್ಲಿ ಕಾಯಿಲ್ ಇರುವಾಗ ಕೈ ಅದ್ದಿ ಬಿಸಿ ನೋಡಬೇಡಿ. ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ ತೆಗೆಯುವುದು, ಆಮೇಲೆ ಕೈ.
– ಆರ್‌ಸಿಸಿಬಿ ಇದ್ದರೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಪಾಡುತ್ತದೆಂಬ ಖಾತ್ರಿಯಿಲ್ಲ. ಅದನ್ನು ನಂಬಿ ಚಾಲೂ ಲೈನಿನಲ್ಲಿ ಕೆಲಸ ಮಾಡಬೇಡಿ.
– ಮೂರು ಫೇಸಿನ ಮನೆಯಲ್ಲಿ ಕೆಲವು ಲೈಟು ಅತಿ ಪ್ರಖರವಾಗಿ, ಕೆಲವು ಮಂಕಾಗಿ ಉರಿಯತೊಡಗಿದರೆ ನ್ಯೂಟ್ರಲ್ ಕಡಿದಿರಬಹುದು. ಕೂಡಲೇ ಮೇನ್ ಆಫ್ ಮಾಡಿ ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ. ತಡಮಾಡಿದರೆ ಫ್ರಿಜ್ಜು, ಟಿವಿ ಸುಟ್ಟುಹೋಗುತ್ತವೆ.
– ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಮೇನ್ ಆಫ್ ಮಾಡಿ. ಅದು ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ಬೇರ್ಪಡಿಸಿ, 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ನಿಲ್ಲಿಸಬೇಡಿ. ಬೀದಿಯಲ್ಲಿ ತುಂಡಾಗಿ ಬಿದ್ದ ತಂತಿಯ ಹತ್ತಿರ ಮಾತ್ರ ಹೋಗಲೇಬೇಡಿ, 1912ಕ್ಕೆ ತಿಳಿಸಿ.

ಮನೆ ಮಾಲೀಕರಲ್ಲಿ ಒಂದು ವಿನಂತಿ. ಗೃಹಪ್ರವೇಶದ ತರಾತುರಿಯಲ್ಲಿ ಟೈಲ್ಸಿಗೆ, ಫಾಲ್ಸ್ ಸೀಲಿಂಗಿಗೆ ಮಾಡುವ ಖರ್ಚಿನ ಮುಂದೆ ಅರ್ತಿಂಗ್ ಮತ್ತು ಆರ್‌ಸಿಸಿಬಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಒಂದು ಸಿಂಗಲ್ ಫೇಸ್ ಆರ್‌ಸಿಸಿಬಿಯ ಬೆಲೆ ಒಂದು ಒಳ್ಳೆಯ ಸೀಲಿಂಗ್ ಫ್ಯಾನಿನ ಆಸುಪಾಸಿನಲ್ಲಿರುತ್ತದೆ. ಪ್ರತಿ ಮಹಡಿಯ ಮೀಟರಿಗೂ ಬೇರೆ ಆರ್‌ಸಿಸಿಬಿ ಹಾಕಿಸಿ. ಬಾಡಿಗೆಯವರು ‘ಗೀಸರ್ ಹಾಕಿದರೆ ಜುಮ್ ಅನ್ನುತ್ತೆ’ ಎಂದು ಹೇಳಿದ ದಿನವೇ ಎಲೆಕ್ಟ್ರಿಷಿಯನ್ ಕಳಿಸಿ. ಬಾಡಿಗೆಗೆ ಕೊಟ್ಟ ಮಹಡಿಯ ಗೋಡೆಯೊಳಗಿನ ವೈರಿಂಗ್ ಮಾಲೀಕರ ಹೊಣೆ.

ಓದುಗರಲ್ಲಿ ಕೇಳುವುದಿಷ್ಟೆ. ಈ ವಾರ ನಿಮ್ಮ ಡಿಬಿ ತೆರೆದು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಬಿದ್ದರೆ ಸಂತೋಷ. ಬೀಳದಿದ್ದರೆ, ಅಥವಾ ಅಂಥದ್ದೊಂದು ಇಲ್ಲವೇ ಇಲ್ಲದಿದ್ದರೆ, ಲೈಸೆನ್ಸ್ ಇರುವ ಗುತ್ತಿಗೆದಾರರನ್ನು ಕರೆಸಿ ಅದನ್ನು ಹಾಕಿಸಿ.